ನೆರೆರಾಷ್ಟ್ರಗಳೊಡನೆ ವ್ಯಾಪಾರ ಒಪ್ಪಂದ: ಸಂಸತ್ತಿನ ಪಾತ್ರವೆಷ್ಟು?

ಭಟ್ಕಳ, ಹೊನ್ನಾವರ ಮತ್ತು ಕುಮಟಾ ತಾಲ್ಲೂಕುಗಳ ಚಾಲಿ ಅಡಿಕೆ ಹಾಗೂ ಕಾಳುಮೆಣಸಿನ ಧಾರಣೆಯನ್ನು ಸ್ಥಳೀಯ ಇಳುವರಿಯೊಂದೇ ನಿರ್ಧರಿಸುವುದಿಲ್ಲ. ಶ್ರೀಲಂಕಾದಿಂದ ಬರುವ ಸರಕು ಮತ್ತು ಅದರ ಮೇಲಿನ ಸುಂಕವೂ ಧಾರಣೆಯ ಮೇಲೆ ಪರಿಣಾಮ ಬೀರುತ್ತವೆ. ಭಾರತ–ಶ್ರೀಲಂಕಾ ಮುಕ್ತ ವ್ಯಾಪಾರ ಒಪ್ಪಂದಕ್ಕೆ 1998ರ ಡಿಸೆಂಬರ್ 28ರಂದು ಸಹಿಯಾಗಿ, 2000ದ ಮಾರ್ಚ್ 1ರಿಂದ ಅದು ಜಾರಿಗೆ ಬಂದಿತು. ಸಾರ್ಕ್ ರಾಷ್ಟ್ರಗಳ ಸಾಫ್ಟಾ ಒಪ್ಪಂದವು 2006ರ ಜನವರಿ 1ರಿಂದ ಜಾರಿಯಲ್ಲಿದೆ. ಇಂತಹ ಒಪ್ಪಂದಗಳನ್ನು ಸಂಸತ್ತು ಮತ ಹಾಕಿ ಅಂಗೀಕರಿಸುತ್ತದೆಂಬ ಭಾವನೆ ವರ್ತಕರಲ್ಲಿ ಸಾಮಾನ್ಯವಾಗಿದೆ. ವಸ್ತುಸ್ಥಿತಿ ಬೇರೆಯಾಗಿದೆ.

ಅನುಮೋದನೆಯ ಕ್ರಮ

ಸಂವಿಧಾನದ ಏಳನೆಯ ಅನುಸೂಚಿಯ ಕೇಂದ್ರ ಪಟ್ಟಿಯ 14ನೇ ನಮೂದಿನಂತೆ ವಿದೇಶಗಳೊಡನೆ ಒಪ್ಪಂದ ಮಾಡಿಕೊಳ್ಳುವುದು ಕೇಂದ್ರದ ವಿಷಯ. 73ನೇ ವಿಧಿಯನ್ವಯ ಈ ಅಧಿಕಾರವನ್ನು ಕೇಂದ್ರ ಸರ್ಕಾರವೇ ಚಲಾಯಿಸುತ್ತದೆ. 253ನೇ ವಿಧಿಯು ಒಪ್ಪಂದದ ಅನುಷ್ಠಾನಕ್ಕಾಗಿ ಕಾನೂನು ರಚಿಸುವ ಅಧಿಕಾರವನ್ನು ಸಂಸತ್ತಿಗೆ ನೀಡಿದೆಯೇ ಹೊರತು, ಸಹಿಗೆ ಮುನ್ನ ಅದರ ಒಪ್ಪಿಗೆ ಪಡೆಯಬೇಕೆಂದು ಹೇಳಿಲ್ಲ. ಪ್ರಜೆಗಳ ಹಕ್ಕು ಮೊಟಕಾಗುವಲ್ಲಿ ಅಥವಾ ಕಾನೂನು ಬದಲಾಗಬೇಕಾದಲ್ಲಿ ಶಾಸನ ಅಗತ್ಯವೆಂಬುದು ಸುಪ್ರೀಂ ಕೋರ್ಟಿನ ಮಗನ್‌ಭಾಯಿ ಪಟೇಲ್ ಪ್ರಕರಣದ (1969) ತೀರ್ಪಿನಲ್ಲಿ ವಿವರಿಸಲ್ಪಟ್ಟಿದೆ.

ಸುಂಕ ರಿಯಾಯಿತಿಗೆ ಹೊಸ ಕಾಯ್ದೆಯೂ ಬೇಕಿಲ್ಲ. 1962ರ ಕಸ್ಟಮ್ಸ್ ಕಾಯ್ದೆಯ 25ನೇ ಕಲಮಿನಡಿ ಅಧಿಸೂಚನೆ ಹೊರಡಿಸಿದರೆ ಸಾಕು. 159ನೇ ಕಲಮಿನಂತೆ ಅಂತಹ ಅಧಿಸೂಚನೆಯನ್ನು ಅಧಿವೇಶನದ ಒಟ್ಟು 30 ದಿನಗಳ ಕಾಲ ಉಭಯ ಸದನಗಳ ಮುಂದಿಡಬೇಕು. ಎರಡೂ ಸದನಗಳು ಒಮ್ಮತಕ್ಕೆ ಬಂದರೆ ಅದನ್ನು ಮಾರ್ಪಡಿಸಬಹುದು ಅಥವಾ ರದ್ದುಪಡಿಸಬಹುದು. ಆದರೆ ಅದುವರೆಗೆ ನಡೆದ ವ್ಯವಹಾರ ಸಿಂಧುವಾಗಿಯೇ ಉಳಿಯುತ್ತದೆ.

ಅಮೆರಿಕದ ಕ್ರಮ ಇದಕ್ಕಿಂತ ಭಿನ್ನ. ಕೆನಡಾ ಮತ್ತು ಮೆಕ್ಸಿಕೋಗಳೊಡನೆ 1994ರಿಂದ ಜಾರಿಯಲ್ಲಿದ್ದ ನಾಫ್ಟಾ ಒಪ್ಪಂದವನ್ನು ಬದಲಿಸುವಾಗ ಅಲ್ಲಿನ ಪ್ರತಿನಿಧಿ ಸಭೆಯ ಒತ್ತಾಯದಿಂದ 2019ರ ಡಿಸೆಂಬರಿನಲ್ಲಿ ಹೊಸ ಕರಡನ್ನೇ ತಿದ್ದಲಾಯಿತು. ಕಾಂಗ್ರೆಸ್ಸಿನ ಮತದಾನದ ಬಳಿಕವೇ, 2020ರ ಜುಲೈ 1ರಂದು, ಹೊಸ ಒಪ್ಪಂದ ಜಾರಿಗೆ ಬಂದಿತು.

ಮರುಪರಿಶೀಲನೆ

ಶ್ರೀಲಂಕಾ ಒಪ್ಪಂದದ ಪರಿಶೀಲನೆಗೆ ಸಚಿವಮಟ್ಟದ ಜಂಟಿ ಸಮಿತಿಯ ಏರ್ಪಾಡಿದೆ. ಸುಂಕರಹಿತ ಕಾಳುಮೆಣಸಿನ ಆಮದು ವಾರ್ಷಿಕ 2,500 ಟನ್‌ಗಳ ಮಿತಿಗೆ ಒಳಪಟ್ಟಿದೆ. ಒಪ್ಪಂದದ ಒಂದಕ್ಷರವನ್ನೂ ತಿದ್ದದೆ ಅದರ ಫಲವನ್ನು ಬದಲಿಸುವ ಮತ್ತೊಂದು ಮಾರ್ಗ ಕನಿಷ್ಠ ಆಮದು ಬೆಲೆ. ವಿದೇಶ ವ್ಯಾಪಾರ ಕಾಯ್ದೆ, 1992ರಡಿ 2017ರ ಡಿಸೆಂಬರಿನಲ್ಲಿ ಕಾಳುಮೆಣಸಿಗೆ ಕಿಲೋಗೆ 500 ರೂ. ನಿಗದಿಯಾಯಿತು. ಅಡಿಕೆಗೆ 2017ರಲ್ಲಿ 251 ರೂ. ಇದ್ದುದು 2023ರ ಫೆಬ್ರವರಿಯಲ್ಲಿ 351 ರೂ.ಗೆ ಏರಿತು. ಇವೆಲ್ಲವೂ ಅಧಿಸೂಚನೆಯಿಂದಲೇ ಆದವು, ಅಧಿಸೂಚನೆಯಿಂದಲೇ ಬದಲಾಗಲೂಬಹುದು.

ಸದಸ್ಯರು ಗಮನಿಸಬೇಕಾದ ಅಂಶಗಳು

1. ದಾಸ್ತಾನು ಖರೀದಿಗೆ ಮುನ್ನ ಕಸ್ಟಮ್ಸ್ ಹಾಗೂ ವಿದೇಶ ವ್ಯಾಪಾರ ಮಹಾನಿರ್ದೇಶನಾಲಯ ಎರಡರ ಅಧಿಸೂಚನೆಗಳನ್ನೂ ಪರಿಶೀಲಿಸಬೇಕು. ಸುಂಕ ವಿನಾಯಿತಿ ಇದ್ದರೂ ಕನಿಷ್ಠ ಬೆಲೆಯ ನಿರ್ಬಂಧ ಅನ್ವಯಿಸುತ್ತದೆ.

2. ರಿಯಾಯಿತಿ ಕೋರುವ ಆಮದುದಾರರಿಗೆ ಮೂಲ ಪ್ರಮಾಣಪತ್ರವೊಂದೇ ಸಾಲದು. 28ಡಿಎ ಕಲಮು ಮತ್ತು 2020ರ ಸೆಪ್ಟೆಂಬರ್ 21ರಿಂದ ಜಾರಿಗೆ ಬಂದ ನಿಯಮಗಳಂತೆ ಸರಕಿನ ಮೂಲವನ್ನು ಸಮರ್ಥಿಸುವ ವಿವರಗಳನ್ನು ಸಂಗ್ರಹಿಸಿ, ಐದು ವರ್ಷ ಕಾಪಾಡಬೇಕು.

3. ಅಹವಾಲುಗಳನ್ನು ಮಾತುಕತೆಯ ಹಂತದಲ್ಲಿಯೇ, ಧಾರಣೆಯ ಅಂಕಿಅಂಶಗಳೊಡನೆ, ವಾಣಿಜ್ಯ ಇಲಾಖೆಗೂ ವಾಣಿಜ್ಯ ವಿಷಯದ ಸಂಸದೀಯ ಸ್ಥಾಯಿ ಸಮಿತಿಗೂ ಸಲ್ಲಿಸಬೇಕು. ಸಂಸದರ ಪ್ರಶ್ನೆಗೆ ಸರ್ಕಾರ ಸದನದಲ್ಲಿ ಉತ್ತರಿಸಲೇಬೇಕಾಗುತ್ತದೆ.

ಸಹಿಗೆ ಮುನ್ನ ಸದನದ ಮತದಾನವಿಲ್ಲದ ವ್ಯವಸ್ಥೆಯಲ್ಲಿ, ಸಹಿಗೆ ಮುನ್ನ ವರ್ತಕರು ಸಲ್ಲಿಸುವ ಮನವಿಗೆ ಹೆಚ್ಚಿನ ಬೆಲೆಯಿದೆ. ಧಾರಣೆ ಕುಸಿದ ನಂತರದ ಮನವಿಯು ಹೆಚ್ಚೆಂದರೆ ಮುಂದಿನ ಹಂಗಾಮಿಗೆ ಉಪಯೋಗವಾದೀತು.