ಓಡದ ಹೊತ್ತಿನ ಶಿಸ್ತು

ದೂರದ ಓಟವನ್ನೇ ಕಸುಬು ಮಾಡಿಕೊಂಡವರು ಎದುರಿಗೆ ಸಿಕ್ಕರೆ ನಮ್ಮ ಕಡೆ ಕೇಳುವ ಮೊದಲ ಪ್ರಶ್ನೆ, ದಿನಕ್ಕೆ ಎಷ್ಟು ಕಿಲೋಮೀಟರ್ ಅಂತ. ಸೇಲಂ, ಧರ್ಮಪುರಿ ಜಿಲ್ಲೆಗಳಲ್ಲಿ ಮನೆಯೊಳಗೆ ಕನ್ನಡ, ಹೊಸ್ತಿಲು ದಾಟಿದರೆ ತಮಿಳು ಆಡುವ ನಮ್ಮಂಥ ಕುಟುಂಬಗಳಲ್ಲೂ ಓಟಗಾರನ ಶಿಸ್ತಿಗೆ ಇರುವ ಅಳತೆ ಅದೊಂದೇ. ಹೆಚ್ಚು ಓಡಿದವನು ಶಿಸ್ತಿನವನು, ಮಧ್ಯಾಹ್ನ ಮಲಗಿದವನು ಸೋಮಾರಿ. ಬದುಕನ್ನು ಎಷ್ಟು ಕತ್ತರಿಸಿದರೆ ಓಟ ಅಷ್ಟು ಬೆಳೆಯುತ್ತದೆ ಎಂಬ ನಂಬಿಕೆ ಇದರ ಬೆನ್ನಿಗಿದೆ. ಓಟದಲ್ಲಿ ಇಷ್ಟು ವರ್ಷ ಕಳೆದ ಮೇಲೆ ಈ ಲೆಕ್ಕ ತಪ್ಪೆಂದು ನನಗೆ ಖಚಿತವಾಗಿದೆ. ವೃತ್ತಿ ಓಟಗಾರ ದಿನಕ್ಕೆ ಓಡುವುದು ಹೆಚ್ಚೆಂದರೆ ಎರಡು, ಎರಡೂವರೆ ಗಂಟೆ. ಆ ಹೊತ್ತಿನಲ್ಲಿ ಶಿಸ್ತು ಅಂಥ ಕಷ್ಟವೇನಲ್ಲ. ಕೋಚ್ ನೋಡುತ್ತಿರುತ್ತಾರೆ, ಕೈಯಲ್ಲಿ ವಾಚ್ ಇರುತ್ತದೆ, ಪಕ್ಕದವನಿಗಿಂತ ಹಿಂದೆ ಬೀಳಬಾರದೆಂಬ ಹಟ ಇರುತ್ತದೆ. ಯಾರೂ ನೋಡದ ಉಳಿದ ಗಂಟೆಗಳಲ್ಲಿ ಏನು ತಿಂದೆವು, ಎಷ್ಟು ಮಲಗಿದೆವು, ಹೊಟ್ಟೆಪಾಡಿಗೆ ಏನು ಮಾಡಿದೆವು, ಯಾವ ಮದುವೆಗೆ ಹೋಗಿ ಯಾವುದನ್ನು ಬಿಟ್ಟೆವು ಎಂಬುದರ ಮೇಲೆ ಓಟದ ಆಯುಸ್ಸು ನಿಂತಿದೆ. ಜೀವನಶೈಲಿಯನ್ನು ಶಿಸ್ತಿನ ಎದುರಾಳಿ ಎಂದು ಕಾಣುವವರೆಗೆ ಎರಡೂ ಕೈಗೆ ಸಿಗುವುದಿಲ್ಲ. ದಿನಚರಿಯನ್ನು ಸರಿಯಾಗಿ ಜೋಡಿಸಿಕೊಂಡರೆ ಶಿಸ್ತಿನ ಮುಕ್ಕಾಲು ಭಾಗ ಮುಗಿದಂತೆ ಎಂಬುದು ನನ್ನ ವಾದ.

ಶಿಸ್ತು ಎಂದ ಕೂಡಲೇ ನಮಗೆ ನೆನಪಾಗುವುದು ತಪಸ್ಸು. ಊಟ, ನಿದ್ದೆ, ನೆಂಟರಿಷ್ಟರನ್ನೆಲ್ಲ ಬಿಟ್ಟು ಮೈ ದಂಡಿಸಿದರೆ ವರ ಸಿಗುತ್ತದೆ. ವರ ಸಿಕ್ಕ ದಿನ ತಪಸ್ಸು ಮುಗಿಯುತ್ತದೆ. ನಮ್ಮ ಭಾಗದ ಓಟಗಾರರಿಗೆ ಆ ವರ ಸ್ಪೋರ್ಟ್ಸ್ ಕೋಟಾದ ನೌಕರಿ. ಸೇನೆಯೋ ರೈಲ್ವೆಯೋ ಪೊಲೀಸೋ, ಇಲ್ಲವೇ ತಮಿಳುನಾಡು ಸರ್ಕಾರ ಕ್ರೀಡಾಪಟುಗಳಿಗೆಂದು ಮೀಸಲಿಟ್ಟ ಶೇ. 3ರಲ್ಲಿ ಒಂದು ಹುದ್ದೆಯೋ ಸಿಕ್ಕರೆ ಮನೆ ದಡ ಸೇರಿತು. ಒಣ ಬೇಸಾಯದ ಮನೆಯವರಿಗೆ ಅದು ಎಷ್ಟು ದೊಡ್ಡದೆಂದು ಗೊತ್ತಿದ್ದವರು ನೌಕರಿಯ ಆಸೆಯನ್ನು ಹೀಗಳೆಯಲಾರರು. ಆದರೆ ಇಪ್ಪತ್ತೆರಡು ಇಪ್ಪತ್ತಮೂರರ ವಯಸ್ಸಿನಲ್ಲಿ ಆದೇಶ ಕೈಗೆ ಬಂದ ಮೇಲೆ ಶೂ ಮೂಲೆ ಸೇರುವುದನ್ನು ಮತ್ತೆ ಮತ್ತೆ ಕಾಣುತ್ತೇವೆ. ದೂರದ ಓಟ ಫಲ ಕೊಡುವುದು ಮಾತ್ರ ಆಮೇಲೆಯೇ. ಟಿ. ಗೋಪಿ 2017ರಲ್ಲಿ ಏಷ್ಯನ್ ಮ್ಯಾರಥಾನ್ ಗೆದ್ದಾಗ ಅವರಿಗೆ 29 ವರ್ಷ. ಕೀನ್ಯಾದ ಎಲಿಯುಡ್ ಕಿಪ್ಚೋಗೆ ಎರಡನೆಯ ಒಲಿಂಪಿಕ್ ಮ್ಯಾರಥಾನ್ ಚಿನ್ನ ಗೆದ್ದದ್ದು 36ರಲ್ಲಿ, ಬರ್ಲಿನ್‌ನಲ್ಲಿ 2 ಗಂಟೆ 1 ನಿಮಿಷ 9 ಸೆಕೆಂಡಿನ ವಿಶ್ವದಾಖಲೆ ಮಾಡಿದ್ದು 37ರಲ್ಲಿ. ಹದಿನೈದು, ಇಪ್ಪತ್ತು ವರ್ಷ ಎಳೆಯಬೇಕಾದ ಕಸುಬಿದು. ಅಷ್ಟು ಕಾಲ ಯಾರೂ ತಪಸ್ಸು ಮಾಡಲಾರರು. ಆಯ್ಕೆಯ ಮೀಟ್ ಹತ್ತಿರ ಬಂದು, ದಣಿದ ಮೈ ಮಾತು ಕೇಳದಿದ್ದಾಗ ತಪಸ್ಸಿನ ಹಾದಿ ಇನ್ನೊಂದು ಕಡೆಗೂ ತಿರುಗುತ್ತದೆ. 2023ರಲ್ಲಿ ಭಾರತದಲ್ಲಿ ಡೋಪಿಂಗ್ ಪರೀಕ್ಷೆಗೆ ತೆಗೆದ ಮಾದರಿಗಳಲ್ಲಿ ಶೇ. 3.8ರಷ್ಟು ಪಾಸಿಟಿವ್ ಬಂದವು. ಹೆಚ್ಚು ಪರೀಕ್ಷೆ ನಡೆಸುವ ದೇಶಗಳಲ್ಲಿ ಅದೇ ಅತಿ ಹೆಚ್ಚು. ಸೂಜಿ ಹಿಡಿದವರೆಲ್ಲ ಸೋಮಾರಿಗಳೆಂದು ನಾನು ನಂಬುವುದಿಲ್ಲ. ವಿಶ್ರಾಂತಿಯನ್ನು ಅಪರಾಧವೆಂದು ಕಲಿತವರೂ ಅವರಲ್ಲಿದ್ದಾರೆ.

ಇದಕ್ಕೆ ಬರುವ ಮೊದಲ ಆಕ್ಷೇಪ ಗೊತ್ತೇ ಇದೆ: ಕಷ್ಟದಿಂದಲೇ ಓಟಗಾರ ಹುಟ್ಟುವುದು, ಸುಖ ಕೊಟ್ಟರೆ ಕೆಡುತ್ತಾನೆ. ಉದಾಹರಣೆಗಳಿಗೂ ಬರವಿಲ್ಲ. ಬೆಳಗಾವಿಯ ಫಡೆಪ್ಪ ಚೌಗುಲೆ 1920ರ ಆಂಟ್‌ವರ್ಪ್ ಒಲಿಂಪಿಕ್ಸ್‌ನಲ್ಲಿ, ಇಂದಿನದಕ್ಕಿಂತ ಉದ್ದವಾದ 42.75 ಕಿಲೋಮೀಟರ್ ಮ್ಯಾರಥಾನನ್ನು 2 ಗಂಟೆ 50 ನಿಮಿಷದಲ್ಲಿ ಮುಗಿಸಿ 19ನೆಯವರಾದರು. ಬರಿಗಾಲಲ್ಲಿ ಓಡಿ ಹೆಸರಾದ ಶಿವನಾಥ್ ಸಿಂಗ್ 1976ರ ಮಾಂಟ್ರಿಯಲ್‌ನಲ್ಲಿ 11ನೆಯವರಾಗಿ, 1978ರಲ್ಲಿ ಜಲಂಧರ್‌ನಲ್ಲಿ 2 ಗಂಟೆ 12 ನಿಮಿಷಕ್ಕೆ ಓಡಿದರು. ಆ ರಾಷ್ಟ್ರೀಯ ದಾಖಲೆ ನಾಲ್ಕು ದಶಕಕ್ಕೂ ಮಿಕ್ಕಿ ಉಳಿಯಿತು. ಸೌಲಭ್ಯವಿಲ್ಲದವರು ಇಷ್ಟು ಮಾಡಿದರಲ್ಲ ಎಂಬ ಮಾತು ಕೇಳಲು ಚೆನ್ನ. ಆದರೆ ಕಷ್ಟದಲ್ಲಿ ಓಡಿ ಮೇಲೆ ಬಂದವರ ಹೆಸರಷ್ಟೇ ನಮಗೆ ಉಳಿದಿದೆ, ಅದೇ ಕಷ್ಟದಲ್ಲಿ ಮುರಿದುಹೋದವರ ಹೆಸರನ್ನು ಯಾರೂ ಬರೆದಿಡಲಿಲ್ಲ. ಶಿವನಾಥ್ ಸಿಂಗ್ ಬಡತನದಿಂದ ಬಂದವರು ನಿಜ, ಅವರ ದೊಡ್ಡ ಓಟಗಳೆಲ್ಲ ಬಂದದ್ದು ಸೇನೆ ಸೇರಿದ ಮೇಲೆ. ಹೊತ್ತಿಗೆ ಸರಿಯಾಗಿ ಊಟ, ಹೊತ್ತಿಗೆ ಸರಿಯಾಗಿ ನಿದ್ದೆ, ತಿಂಗಳಿಗೊಂದು ಸಂಬಳ ಕೊಡುವ ಜಾಗ ಅದು. ಅವರ ಕಾಲಿಗೆ ಶೂ ಇರಲಿಲ್ಲವೆಂಬುದನ್ನು ಎಲ್ಲರೂ ಹೇಳುತ್ತಾರೆ, ಬೆನ್ನ ಹಿಂದೆ ಒಂದು ವ್ಯವಸ್ಥೆ ಇತ್ತೆಂಬುದನ್ನು ಮರೆಯುತ್ತಾರೆ.

ಸರಳತೆ ಬೇರೆ, ಕೊರತೆ ಬೇರೆ. ಕಿಪ್ಚೋಗೆ ವರ್ಷಗಟ್ಟಲೆ ತಯಾರಾದ ಕಾಪ್ಟಗಾಟ್ ಶಿಬಿರದಲ್ಲಿ ಐಷಾರಾಮವೇನೂ ಇಲ್ಲ. ಓಟಗಾರರೇ ಸರದಿಯ ಮೇಲೆ ಕಸ ಗುಡಿಸುತ್ತಾರೆ, ಶೌಚಾಲಯ ತೊಳೆಯುತ್ತಾರೆ, ಚಿನ್ನ ಗೆದ್ದವರಿಗೂ ವಿನಾಯಿತಿ ಇಲ್ಲ. ವಾರದ ಕೊನೆಗೆ ಹೆಂಡತಿ ಮಕ್ಕಳ ಬಳಿಗೆ ಹೋಗಿಬರುತ್ತಾರೆ. ಅಲ್ಲಿ ಕಡಿಮೆ ಮಾಡಿರುವುದು ಆಡಂಬರವನ್ನು. ಊಟ, ನಿದ್ದೆ, ಜೊತೆಗಾರರು ಮೂರೂ ಧಾರಾಳ. ನಮ್ಮ ಹತ್ತಿರದ ಉದಾಹರಣೆ ಸೇಲಂ ಜಿಲ್ಲೆಯ ಪೆರಿಯವಡಗಂಪಟ್ಟಿಯ ಮಾರಿಯಪ್ಪನ್ ತಂಗವೇಲು. ಅವರು ಓಟಗಾರರಲ್ಲ, ಹೈಜಂಪ್‌ನವರು, ಆದರೆ ವೃತ್ತಿಯ ಉದ್ದ ನೋಡಲು ಅವರಿಗಿಂತ ಒಳ್ಳೆಯ ಮಾದರಿ ಈ ಸೀಮೆಯಲ್ಲಿಲ್ಲ. 2016ರ ರಿಯೊ ಪ್ಯಾರಾಲಿಂಪಿಕ್ಸ್‌ನಲ್ಲಿ ಚಿನ್ನ, ಟೋಕಿಯೊದಲ್ಲಿ ಬೆಳ್ಳಿ, 2024ರ ಪ್ಯಾರಿಸ್‌ನಲ್ಲಿ ಕಂಚು: ವರ ಸಿಕ್ಕ ಮೇಲೆ ಎಂಟು ವರ್ಷ ಅವರು ನಿಲ್ಲಲಿಲ್ಲ. ತಾಯಿ ತರಕಾರಿ ಮಾರಿ ಸಾಕಿದ ಕತೆಯನ್ನು ಪತ್ರಿಕೆಗಳು ಸಾಕಷ್ಟು ಬರೆದಿವೆ. ಅಷ್ಟೇ ಮುಖ್ಯವಾದ ಇನ್ನೊಂದು ಸಂಗತಿ, ಅವರು ಬೆಂಗಳೂರಿಗೆ ಬಂದು ಕೋಚ್ ಸತ್ಯನಾರಾಯಣ ಅವರ ಕೈಕೆಳಗೆ ದಿನವೂ ತಯಾರಾದದ್ದು. ಛಲ ಮೊದಲೇ ಇತ್ತು. ಅದನ್ನು ಎಂಟು ವರ್ಷ ಹಿಡಿದಿಡುವ ದಿನಚರಿ ಆಮೇಲೆ ಸಿಕ್ಕಿತು.

ಈ ದಿನಚರಿಯಲ್ಲಿ ಓಟಗಾರರಿಗೆ ಅತಿ ಕಷ್ಟವಾಗುವ ಪಾಠ ನಿಧಾನವಾಗಿ ಓಡುವುದು. ದೂರದ ಓಟದ ಜಗತ್ತಿನ ಒಳ್ಳೆಯ ಆಟಗಾರರು ಸುಮಾರು ಶೇ. 80ರಷ್ಟು ತರಬೇತಿಯನ್ನು ಮಾತಾಡಿಕೊಂಡು ಓಡಬಹುದಾದ ವೇಗದಲ್ಲೇ ಮಾಡುತ್ತಾರೆಂದು ಸ್ಟೀಫನ್ ಸೈಲರ್ ಎಂಬ ಸಂಶೋಧಕ ಬಹಳ ಹಿಂದೆಯೇ ತೋರಿಸಿದ್ದಾರೆ. ನಮ್ಮಲ್ಲಿ ಈಸಿ ರನ್ ಎಂದು ಹೊರಟದ್ದು ಎರಡನೆಯ ಕಿಲೋಮೀಟರಿಗೇ ಪೈಪೋಟಿಯಾಗುತ್ತದೆ. ಏರ್ಕಾಡು ಘಾಟಿಯನ್ನೇ ತೆಗೆದುಕೊಳ್ಳಿ. ಸೇಲಂ ಕಡೆಯ ತಪ್ಪಲಿನಿಂದ 20 ಹೇರ್‌ಪಿನ್ ತಿರುವು ಹತ್ತಿದರೆ ಸುಮಾರು 1,500 ಮೀಟರ್ ಎತ್ತರದ ಊರು. ಇಲ್ಲಿ ಓಡಿದರೆ ಕೀನ್ಯಾದವರಂತೆ ರಕ್ತ ಗಟ್ಟಿಯಾಗುತ್ತದೆಂದು ಹುಡುಗರು ನಂಬುತ್ತಾರೆ. ಆದರೆ ಕೀನ್ಯಾದ ಈಟೆನ್ ಇರುವುದು 2,400 ಮೀಟರ್ ಎತ್ತರದಲ್ಲಿ, ಮತ್ತು ಅಂಥ ಎತ್ತರದ ಫಲ ಸಿಗುವುದು ವಾರಗಟ್ಟಲೆ ಅಲ್ಲೇ ಇದ್ದವರಿಗೆ. ಭಾನುವಾರ ಹತ್ತಿ ಇಳಿದವರಿಗೆ ಏರ್ಕಾಡು ಕೊಡುವುದು ತಂಪು ಗಾಳಿ ಮತ್ತು ಏರು. ಏರು ಕಾಲಿಗೆ ಶಕ್ತಿ ಕೊಡುತ್ತದೆ. ಇಳಿಜಾರು ತೊಡೆಯ ಸ್ನಾಯುವನ್ನು ಎಷ್ಟು ಹರಿಯುತ್ತದೆಂದರೆ ಮುಂದಿನ ಮೂರು ದಿನದ ತರಬೇತಿ ಹಾಳು. ಹಾಗಾಗಿ ಓಡುತ್ತ ಹತ್ತಿ, ಬಸ್ಸಿನಲ್ಲಿ ಇಳಿಯುವುದೇ ಸರಿ. ಓಡಿ ಇಳಿಯುವ ಜೊತೆಗಾರರು ಕಿಟಕಿಯಾಚೆ ಕೈಬೀಸಿ ನಗುತ್ತಿರುವಾಗ ಟಿಕೆಟ್ ತೆಗೆದುಕೊಂಡು ಸೀಟಿನಲ್ಲಿ ಕೂರಲು ಬೇಕಾದ ಶಿಸ್ತು, ಓಡಿ ಇಳಿಯಲು ಬೇಕಾದುದಕ್ಕಿಂತ ಹೆಚ್ಚಿನದು. ನಮ್ಮ ಬೇಸಾಯದವರು ಒಂದು ವರ್ಷ ಬೀಳುಬಿಟ್ಟ ಹೊಲವನ್ನು ಯಾರೂ ದಂಡವೆನ್ನುವುದಿಲ್ಲ. ಮೈಯ ವಿಷಯದಲ್ಲಿ ಮಾತ್ರ ನಮಗೆ ಆ ವಿವೇಕ ಬಾರದು.

ಊಟದಲ್ಲೂ ತಪ್ಪು ಲೆಕ್ಕ ಇದೇ ಬಗೆಯದು. ಓಟಗಾರನಿಗೆ ಡಬ್ಬಿಯ ಪುಡಿ ಬೇಕು, ಪೇಟೆಯ ಆಹಾರ ಬೇಕು ಎನ್ನುವವರು ಧರ್ಮಪುರಿಯ ರಾಗಿಯನ್ನು ಮರೆಯುತ್ತಾರೆ. ನಾವು ಮುದ್ದೆ ಎಂದರೂ ನೆರೆಯವರು ಕಳಿ ಎಂದರೂ, ನೂರು ಗ್ರಾಂ ರಾಗಿಯಲ್ಲಿ 340 ಮಿಲಿಗ್ರಾಂ ಆಸುಪಾಸು ಸುಣ್ಣದಂಶವಿದೆ. ಜೊತೆಗೆ ಹುರುಳಿ ಸಾರು, ಎರಡು ಮೊಟ್ಟೆ ಇದ್ದರೆ ದಿನದ ಅಡಿಪಾಯ ಭದ್ರ. ನೀರಿನ ವಿಷಯದಲ್ಲಿ ಮಾತ್ರ ಈ ಸೀಮೆಗೆ ಬೇರೆಯದೇ ಎಚ್ಚರ ಬೇಕು. ಧರ್ಮಪುರಿಯ ಅಂತರ್ಜಲದಲ್ಲಿ ಫ್ಲೋರೈಡ್ ಹೆಚ್ಚು. ಅದಕ್ಕಾಗಿಯೇ ಹೊಗೇನಕಲ್ ಕುಡಿಯುವ ನೀರಿನ ಯೋಜನೆ 2013ರಲ್ಲಿ ಆರಂಭವಾದದ್ದು. ಕುಡಿಯುವ ನೀರಿನಲ್ಲಿ ಲೀಟರಿಗೆ 1.5 ಮಿಲಿಗ್ರಾಂ ಮೀರಬಾರದೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ಮಿತಿ. ಸೆಕೆಯಲ್ಲಿ ಓಡುವವನು ಬೇರೆಯವರ ಎರಡರಷ್ಟು ನೀರು ಕುಡಿಯುತ್ತಾನೆ, ಅಂದರೆ ಬೋರ್‌ವೆಲ್ ನೀರಾದರೆ ಮೈಗೆ ಸೇರುವ ಫ್ಲೋರೈಡೂ ಎರಡರಷ್ಟು. ಹೆಚ್ಚು ನೀರು ಕುಡಿ ಎಂಬ ಸಲಹೆಯ ಜೊತೆಗೆ ಯಾವ ನಲ್ಲಿಯದು ಎಂಬುದನ್ನೂ ಇಲ್ಲಿ ಹೇಳಲೇಬೇಕು. ಹುಡುಗಿಯರ ತಟ್ಟೆಯ ವಿಷಯ ಇನ್ನೂ ಗಂಭೀರ. ಸುಡುವಷ್ಟು ತಿನ್ನದೆ ಓಡಿದರೆ ಮುಟ್ಟು ನಿಲ್ಲುತ್ತದೆ, ಮೂಳೆ ಟೊಳ್ಳಾಗುತ್ತದೆ, ಕಾಲಿನ ಎಲುಬು ಕೂದಲೆಳೆಯಷ್ಟು ಬಿರುಕು ಬಿಡುತ್ತದೆ. ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿ 2014ರಲ್ಲಿ ಇದಕ್ಕೆ ರೆಡ್-ಎಸ್ ಎಂದು ಹೆಸರಿಟ್ಟು ಎಚ್ಚರಿಸಿದೆ. ಹೆಣ್ಣು ಕೂಸನ್ನು ಉಳಿಸಿಕೊಳ್ಳಲು ಸರ್ಕಾರ 1992ರಲ್ಲಿ ತೊಟ್ಟಿಲು ಯೋಜನೆಯನ್ನು ಶುರುಮಾಡಬೇಕಾಗಿ ಬಂದದ್ದು ಇದೇ ಸೇಲಂನಲ್ಲಿ. ಅಂಥ ನೆಲದಲ್ಲಿ, ಎಲ್ಲರೂ ಉಂಡ ಮೇಲೆ ಉಳಿದದ್ದನ್ನು ತಿನ್ನುವ ಹುಡುಗಿಗೆ ಶಿಸ್ತಿನ ಉಪದೇಶ ಮಾಡುವುದಕ್ಕಿಂತ ಮೊದಲು ಅವಳ ತಟ್ಟೆ ತುಂಬಿಸಬೇಕು.

ಎರಡನೆಯ ಆಕ್ಷೇಪ ದುಡಿಮೆಯದು. ಮಗ್ಗದ ಶೆಡ್ಡಿನಲ್ಲಿ, ಜವ್ವರಿಸಿ (ಸಬ್ಬಕ್ಕಿ) ಮಿಲ್ಲಿನಲ್ಲಿ ದುಡಿಯುವ ಮನೆಯ ಹುಡುಗನಿಗೆ ಮಧ್ಯಾಹ್ನದ ನಿದ್ದೆಯ ಮಾತು ಆಡುವುದು ಉಳ್ಳವರ ಮಾತಲ್ಲವೇ? ದುಡಿಯುತ್ತಲೇ ಗೆದ್ದವರು ಇದ್ದಾರಲ್ಲ? ಇದ್ದಾರೆ. ಜಪಾನಿನ ಯುಕಿ ಕವಾಉಚಿ ಸೈತಾಮದಲ್ಲಿ ಸರ್ಕಾರಿ ಶಾಲೆಯ ಕಚೇರಿ ನೌಕರನಾಗಿದ್ದುಕೊಂಡೇ 2018ರ ಬಾಸ್ಟನ್ ಮ್ಯಾರಥಾನನ್ನು ಮಳೆ ಚಳಿಯಲ್ಲಿ ಗೆದ್ದರು. ಆದರೆ ಅವರ ಕೆಲಸ ಶುರುವಾಗುತ್ತಿದ್ದದ್ದು ಮಧ್ಯಾಹ್ನ, ಮುಗಿಯುತ್ತಿದ್ದದ್ದು ರಾತ್ರಿ, ವರ್ಷಪೂರ್ತಿ ಅದೇ ಹೊತ್ತು. ಬೆಳಗು ಪೂರ್ತಿ ಅವರದಾಗಿತ್ತು. ಓಟವನ್ನು ಕೊಲ್ಲುವುದು ದುಡಿಮೆ ಅಲ್ಲ, ವಾರಕ್ಕೊಮ್ಮೆ ಹಗಲು ರಾತ್ರಿ ಅದಲುಬದಲಾಗುವ ಪಾಳಿ. ಬಿಸಿಲೇರುವ ಮೊದಲು ಓಡಬೇಕಾದರೆ ನಾಲ್ಕೂವರೆಗೆ ಏಳಬೇಕು, ಎಂಟು ಗಂಟೆ ನಿದ್ದೆ ಆಗಬೇಕಾದರೆ ಎಂಟೂವರೆಗೆ ಮಲಗಬೇಕು. ಪಕ್ಕದಲ್ಲಿ ಮಗ್ಗ ಸದ್ದು ಮಾಡುವ, ಒಂದೇ ಕೋಣೆಯಲ್ಲಿ ಹತ್ತರವರೆಗೆ ಸೀರಿಯಲ್ ನಡೆಯುವ ಮನೆಯಲ್ಲಿ ಅದು ಹುಡುಗನೊಬ್ಬನ ಮನೋಬಲದಿಂದ ಆಗುವ ಕೆಲಸವಲ್ಲ. ನಿದ್ದೆ ಸಾಲದ ದಿನ ಕಿಲೋಮೀಟರ್ ಕಡಿಮೆ ಮಾಡುವ ಜಾಣತನ, ಪಾಳಿ ಬದಲಿಸದ ಕೆಲಸ ಹುಡುಕುವ ಪ್ರಯತ್ನ, ಟಿ.ವಿ. ಆರಿಸುವ ಮನೆಯವರ ಸಹಕಾರ ಇವಿಷ್ಟು ಸೇರಿದರೆ ಬಡ ಮನೆಯಲ್ಲೂ ಆಗುತ್ತದೆ. ಇದಕ್ಕೆ ಖರ್ಚಿಲ್ಲ, ಒಪ್ಪಂದ ಬೇಕು.

ಮೂರನೆಯದು, ಹಬ್ಬ ಹರಿದಿನ, ಮದುವೆ ಮುಂಜಿ ಬಿಟ್ಟು ಬದುಕುವುದು ಎಂಥ ಬದುಕು ಎಂಬ ಪ್ರಶ್ನೆ. ಎಲ್ಲವನ್ನೂ ಬಿಡಬೇಕಿಲ್ಲ, ಕ್ಯಾಲೆಂಡರ್ ಓದಲು ಕಲಿತರೆ ಸಾಕು. ಮುಂಬೈ ಮ್ಯಾರಥಾನ್ ಬರುವುದು ಜನವರಿಯ ಮೂರನೆಯ ಭಾನುವಾರ, ಪೊಂಗಲ್ ಬರುವುದು ಅದಕ್ಕೆ ಸ್ವಲ್ಪ ಮುಂಚೆ. ಹೆಸರಿಗೆ ತಕ್ಕ ಮ್ಯಾರಥಾನ್ ಓಟಗಾರನಿಗೆ ಪೊಂಗಲ್ ಇಲ್ಲ, ಅದನ್ನು ಮನೆಯವರೂ ಒಪ್ಪಬೇಕು. ಆದರೆ ಆಡಿ ಮಾಸ ಬರುವುದು ಜುಲೈ–ಆಗಸ್ಟ್‌ನಲ್ಲಿ, ಮೆಲ್ಲನೆಯ ಓಟಗಳಿಂದ ತಳಪಾಯ ಹಾಕುವ ಕಾಲದಲ್ಲಿ. ಸೇಲಂ ಕೋಟೆ ಮಾರಿಯಮ್ಮನ ಹಬ್ಬಕ್ಕೆ, ಆಡಿ ಹದಿನೆಂಟರ ಹೊಳೆ ಸ್ನಾನಕ್ಕೆ ಮೆಟ್ಟೂರಿಗೋ ಹೊಗೇನಕಲ್‌ಗೋ ಹೋಗಿಬಂದರೆ ಎರಡು ದಿನದ ಓಟ ತಪ್ಪಬಹುದು, ಋತುವಿಗೇನೂ ನಷ್ಟವಿಲ್ಲ. ಗುಡಿಯಲ್ಲಿ ಹೊಯ್ಯುವ ರಾಗಿ ಕೂಳಂತೂ ಓಟಗಾರನಿಗೆ ಹೇಳಿ ಮಾಡಿಸಿದ ಆಹಾರ. ನಮ್ಮ ಮನೆಗಳ ಯುಗಾದಿ ಬರುವುದು ಮ್ಯಾರಥಾನ್ ಕಾಲ ಮುಗಿದ ಮೇಲೆ, ಮೈ ವಿಶ್ರಾಂತಿ ಕೇಳುವ ಹೊತ್ತಿಗೆ. ಒಬ್ಬಟ್ಟು ಆಗ ಪಾಪವಲ್ಲ. ವರ್ಷದಲ್ಲಿ ಒಂದೆರಡು ಹಬ್ಬವನ್ನು ಪೂರ್ತಿ ಬಿಟ್ಟು, ಉಳಿದವನ್ನು ಅಳುಕಿಲ್ಲದೆ ಆಚರಿಸುವವರು ಬಹುಕಾಲ ಓಡುತ್ತಾರೆ. ಎಲ್ಲ ಹಬ್ಬಕ್ಕೂ ಅರ್ಧ ಮನಸ್ಸಿನಿಂದ ಹೋಗಿ, ಮರುದಿನ ಅದಕ್ಕೆ ಶಿಕ್ಷೆಯೆಂಬಂತೆ ಹತ್ತು ಕಿಲೋಮೀಟರ್ ಹೆಚ್ಚು ಓಡುವವರು ಎರಡನ್ನೂ ಕಳೆದುಕೊಳ್ಳುತ್ತಾರೆ.

ಇಷ್ಟೆಲ್ಲ ಹೇಳಿದ ಮೇಲೂ ಒಂದು ಮಾತನ್ನು ಒಪ್ಪಬೇಕು. ದಿನಚರಿ ಎಷ್ಟೇ ಚೆನ್ನಾಗಿದ್ದರೂ ಮೂವತ್ತೈದನೆಯ ಕಿಲೋಮೀಟರ್‌ನಲ್ಲಿ ನೋವು ಸಹಿಸುವ ಕೆಲಸ ಓಟಗಾರನದೇ, ಅಲ್ಲಿ ಹಟಕ್ಕೆ ಬದಲಿಲ್ಲ. ಆ ಹಟವನ್ನು ದಿನದಿನದ ಸಣ್ಣ ಜಗಳಗಳಲ್ಲಿ ಖರ್ಚುಮಾಡಿದರೆ ಬೇಕಾದ ದಿನಕ್ಕೆ ಉಳಿಯದು. ವರ್ಕೌಟಿನಲ್ಲಿ ಪೂರ್ತಿ ಬಲ ಸುರಿಯುವುದಿಲ್ಲವೆಂದು ಕಿಪ್ಚೋಗೆ ಹಲವು ಸಂದರ್ಶನಗಳಲ್ಲಿ ಹೇಳಿಕೊಂಡದ್ದೂ ಇದೇ ಕಾರಣಕ್ಕೆ. ಆದ್ದರಿಂದ ಮಗನನ್ನೋ ಮಗಳನ್ನೋ ಹಾಸ್ಟೆಲಿಗೆ, ಶಿಬಿರಕ್ಕೆ ಸೇರಿಸುವ ಮನೆಯವರು ಅಲ್ಲಿ ದಿನಕ್ಕೆ ಎಷ್ಟು ಓಡಿಸುತ್ತೀರಿ ಎಂದು ಕೇಳುವುದನ್ನು ಆಮೇಲಿಗಿಟ್ಟು, ರಾತ್ರಿ ದೀಪ ಎಷ್ಟಕ್ಕೆ ಆರಿಸುತ್ತೀರಿ, ಓಡಿ ಬಂದ ಅರ್ಧ ಗಂಟೆಯೊಳಗೆ ತಿನ್ನಲು ಏನು ಕೊಡುತ್ತೀರಿ, ಕುಡಿಯುವ ನೀರು ಎಲ್ಲಿಯದು, ವಾರದಲ್ಲಿ ಯಾವ ದಿನ ರಜೆ ಎಂದು ಮೊದಲು ಕೇಳಲಿ. ಈ ನಾಲ್ಕಕ್ಕೂ ತಡವರಿಸದೆ ಉತ್ತರ ಕೊಡುವ ಕೋಚ್ ಸಿಕ್ಕರೆ ಕಿಲೋಮೀಟರ್ ಲೆಕ್ಕವನ್ನು ಅವರಿಗೇ ಬಿಡಬಹುದು.