ಸಕ್ಕರೆ ಹೋದ ಜಾಗದ ಗುರುತು

ಇಲಿಯ ಲಿವರ್‌ನಲ್ಲಿ ಯಾವ ಪ್ರೋಟೀನಿಗೆ ಸಕ್ಕರೆ ಸರಪಳಿ ಅಂಟಿದೆ? ಮಾಸ್ ಸ್ಪೆಕ್ಟ್ರೋಮೀಟರ್‌ನಲ್ಲಿ ಇದನ್ನು ಹುಡುಕೋಕೆ ಮೊದಲು ಆ ಸಕ್ಕರೆಯನ್ನೇ ಕಿತ್ತುಹಾಕ್ತಾರೆ! ಪ್ರೋಟೀನನ್ನು ಟ್ರಿಪ್ಸಿನ್‌ನಿಂದ ತುಂಡರಿಸಿ, ಸಕ್ಕರೆ ಇರುವ ತುಂಡುಗಳನ್ನು ಲೆಕ್ಟಿನ್‌ನಿಂದ ಹಿಡಿದು, ಪಿಎನ್‌ಜಿಯೇಸ್-ಎಫ್ ಎಂಬ ಕಿಣ್ವ ಹಾಕುತ್ತಾರೆ. ಸಕ್ಕರೆ ಕಳಚಿದ ಆಸ್ಪರಜೀನ್, ಆಸ್ಪಾರ್ಟಿಕ್ ಆಮ್ಲವಾಗಿ 0.984 ಡಾಲ್ಟನ್ ಭಾರವಾಗುತ್ತದೆ. ಅದೇ ಸುಳಿವು.

ಇಲ್ಲೊಂದು ಮೋಸ ಇದೆ ನೋಡಿ: ಸಕ್ಕರೆಯೇ ಇಲ್ಲದ ಆಸ್ಪರಜೀನ್ ಕೂಡ ತಾನಾಗೇ ಹೀಗೆ ಬದಲಾಗಬಹುದು. ಅದಕ್ಕೇ ಕಿಣ್ವದ ಕೆಲಸವನ್ನು ಆಕ್ಸಿಜನ್-18 ಇರುವ ನೀರಿನಲ್ಲಿ ಮಾಡಿಸುತ್ತಾರೆ. ಆಗ ಏರಿಕೆ 2.988, ಮೊದಲೇ ಬದಲಾಗಿದ್ದವು 0.984ರಲ್ಲೇ ಸಿಕ್ಕಿಬೀಳುತ್ತವೆ. ಈ ನೀರಿನಲ್ಲೇ ತಾನಾಗಿ ಬದಲಾದರೆ ಮಾತ್ರ ಕಷ್ಟ. ಆಸ್ಪರಜೀನ್‌ನಿಂದ ಎರಡನೇ ಜಾಗದಲ್ಲಿ ಸೆರೀನ್ ಅಥವಾ ಥ್ರಿಯೋನಿನ್ ಇದೆಯಾ ಅಂತಲೂ ನೋಡಬೇಕು.

2010ರಲ್ಲಿ ಮಥಿಯಾಸ್ ಮಾನ್ ತಂಡ ಇದೇ ದಾರಿಯಲ್ಲಿ ಇಲಿಯ ನಾಲ್ಕು ಅಂಗಾಂಶ ಮತ್ತು ಪ್ಲಾಸ್ಮಾದಲ್ಲಿ 6,367 ತಾಣ ಗುರುತಿಸಿತು. ಕಿತ್ತ ಸಕ್ಕರೆಯ ರಚನೆ ಮಾತ್ರ ಹೀಗೆ ಗೊತ್ತಾಗೋದಿಲ್ಲ. ಅದಕ್ಕೆ ಸಕ್ಕರೆ ಸಮೇತ ತುಂಡನ್ನೇ ಒಡೆದು ನೋಡಬೇಕು.