ಗಣಿ ಮಣ್ಣಿನ ರಾಶಿಗೆ ಹುಳುಗಳು ಮರಳಿದವೇ?

ಸುಪ್ರೀಂ ಕೋರ್ಟ್ 2011ರಲ್ಲಿ ಬಳ್ಳಾರಿ ಸೀಮೆಯ ಗಣಿಗಾರಿಕೆಯನ್ನು ತಡೆದು, ಮುಂದೆ ಅದರ ಪುನರಾರಂಭಕ್ಕೆ ಭೂಮಿಯ ಪುನಶ್ಚೇತನದ ಷರತ್ತು ಹಾಕಿತು. ತ್ಯಾಜ್ಯದ ರಾಶಿಯ ಮೇಲೆ ಸಸಿ ಚಿಗುರಿದೊಡನೆ ಕೆಲಸ ಮುಗಿಯಿತೆನ್ನಬೇಡಿ. ನೆಲದ ಹುಳುಗಳನ್ನು ನೋಡಿ.

ಬರಿ ರಾಶಿಗೆ ಮೊದಲು ಬರುವವು ಬಿಸಿಲು ತಾಳುವ ಇರುವೆ, ಜೇಡಗಳು. ತರಗೆಲೆ, ನೆರಳು, ತೇವ ಕೂಡಿದ ಮೇಲೆ ಸಹಸ್ರಪದಿ, ನುಸಿಗಳು ಹೆಚ್ಚುತ್ತವೆ. ಎಲೆ ಚೂರಾಗಿ ಗೊಬ್ಬರವಾಗಲು ಇವು ಬೇಕು. ಗೆದ್ದಲು ಕೊರೆದ ರಂಧ್ರಗಳಲ್ಲಿ ಮಳೆನೀರು ಇಂಗುತ್ತದೆ. ಸಸಿಯ ಬುಡ ತಿನ್ನದಿದ್ದರೆ ಅದಕ್ಕೆ ಔಷಧಿ ಸುರಿಯಬೇಡಿ.

ಮಳೆಗಾಲದಲ್ಲಿ, ಮಳೆ ಬಿಡುವು ಕೊಟ್ಟಾಗ, ನಾಲ್ಕೈದು ಲೋಟಗಳನ್ನು ಬಾಯಿ ನೆಲಮಟ್ಟಕ್ಕೆ ಬರುವಂತೆ ರಾಶಿಯಲ್ಲಿ ಹೂಳಿ. ಪಕ್ಕದ ಕಾಡಂಚಿನಲ್ಲೂ ಅಷ್ಟೇ ಹೂಳಿ. ಬೆಳಿಗ್ಗೆ ಎರಡನ್ನೂ ಹೋಲಿಸಿ. ರಾಶಿಯ ಲೋಟಗಳಲ್ಲಿ ಬರಿ ಇರುವೆಯೇ ಬಿದ್ದಿದ್ದರೆ ತರಗೆಲೆ ಗುಡಿಸುವುದನ್ನೂ ಸುಡುವುದನ್ನೂ ನಿಲ್ಲಿಸಿ, ಮುಂದಿನ ವರ್ಷ ಮತ್ತೆ ಪರೀಕ್ಷಿಸಿ.